ಬಡಗಿ ಟೀಲೆಯ ವರದಿ

೧೯೦೯, ನವೆಂಬರ್ ೬, ಶನಿವಾರ
ಬೆಳಿಗ್ಗೆ ಎರಡು ಹೆಣ ಕೊಯ್ದೆ. ಆಮೇಲೆ ವೈದ್ಯ ವಿದ್ಯಾರ್ಥಿಗಳಿಗೆ ಪಾಠ. ಹಿಂದಿನ ಬೆಂಚಿನವರು ಮೂಗಿಗೆ ಕರವಸ್ತ್ರ ಹಿಡಿದೇ ಕುಳಿತಿದ್ದರು. ಸಂಜೆ ಓಟ್ಮಾರ್ ಬಂದ, ಚೆಸ್‌ನಲ್ಲಿ ಸೋತೆ. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ. ಹೆಣ ಕೊಯ್ಯುವವನ ಕೈ ಕುಲುಕಲು ಹಿಂಜರಿಯದವನು ಈ ಸರ್ಜನ್ ಒಬ್ಬನೇ.

ನವೆಂಬರ್ ೧೧
ಬಡಗಿ ಟೀಲೆಯ ಹೆಣ ಬಂತು. ಒಂಬತ್ತು ದಿನದ ಹಿಂದೆ ಓಟ್ಮಾರ್ ಕರುಳಿನ ಆಪರೇಷನ್ ಮಾಡಿದ್ದ. ಟೀಲೆಯ ಹೆಂಡತಿ ಲೀನಾ ಬಾಗಿಲಲ್ಲೇ ನಿಂತಿದ್ದಳು.
"ನಾನೇ ಕೊಂದೆ ಸ್ವಾಮಿ. ಏನೂ ತಿನ್ನಿಸ್ಬಾರ್ದು ಅಂದಿದ್ರು ಆಸ್ಪತ್ರೇಲಿ. ಇವ್ರು ಹಸಿವು ಹಸಿವು ಅಂತಿದ್ರು, ಕದ್ದು ಎರಡು ಚಮಚ ಆಲೂಗಡ್ಡೆ ಸೂಪು ಕುಡಿಸ್ಬಿಟ್ಟೆ. ಆಪರೇಷನ್ ಮಾಡಿದ ದೊಡ್ಡ ಡಾಕ್ಟ್ರೂ ಅದೇ ಅಂದ್ರು."
ಕೊಯ್ದು ನೋಡಿದೆ. ಸೂಪಿನಿಂದ ಆದದ್ದೇನೂ ಇಲ್ಲ. ಕರುಳಿನ ಹಿಂದೆ ಅಂಗೈಯಗಲ ಬಟ್ಟೆ, ಕೀವಿನಲ್ಲಿ ನೆನೆದು... ಓಟ್ಮಾರ್ ಒಳಗೇ ಮರೆತು ಹೊಲಿದದ್ದು.

ಅದೇ ದಿನ, ಸಂಜೆ ೫
ಅವನ ಮನೆಗೆ ಹೋಗಿ ಹೇಳಿದೆ. ಬಿಳಿಚಿಕೊಂಡ.
"ಯಾರು ನೋಡಿದ್ರು?"
"ನಾನೊಬ್ಬನೇ."
"ಹಾಗಾದ್ರೆ ಯಾರೂ ನೋಡಿಲ್ಲ. ಮೂವತ್ತು ವರ್ಷದ ಹೆಸರು ಕಣೋ ನಂದು!"
"ತಾನೇ ಕೊಂದೆ ಅಂದ್ಕೊಂಡಿದ್ದಾಳೆ ಅವಳು."
"ಅಳ್ತಾಳೆ, ಮರೀತಾಳೆ. ನಿನಗೆ ಬದುಕಿರೋರ ಜೊತೆ ಬಾಳೋಕೇ ಬರಲ್ವಲ್ಲೋ!"
ಟೋಪಿ ಎತ್ತಿಕೊಂಡು ಬಂದೆ.

ನವೆಂಬರ್ ೧೨
ವರದಿ ಬರೆದೆ. ಇದ್ದದ್ದನ್ನು ಇದ್ದ ಹಾಗೆ. ಲೀನಾಳನ್ನು ಕರೆಸಿ ಹೇಳಿದೆ. "ಸೂಪಿಂದ ಅಲ್ವಾ? ನಿಜವಾಗ್ಲೂ ಸೂಪಿಂದ ಅಲ್ವಾ?" — ಮೂರು ಸಲ ಕೇಳಿದಳು. ಆಮೇಲೆ ನೆಲದ ಮೇಲೇ ಕುಳಿತು ಅತ್ತಳು, ನನ್ನ ಕೈ ಬಿಡದೆ.

೧೯೧೦, ಫೆಬ್ರವರಿ ೨೭
ಮೂರೂವರೆ ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದೇನಿತ್ತು? ಪಾಠ, ಹೆಣ, ಸೂಕ್ಷ್ಮದರ್ಶಕ. ಪ್ರೊಫೆಸರುಗಳ ಮೇಜಿಗೆ ಹೋಗಿ ಕುಳಿತರೆ ಮಾತು ನಿಲ್ಲುತ್ತದೆ, ಚಮಚಗಳ ಸದ್ದಷ್ಟೇ. ಆ ವರದಿಯಿಂದಾಗಿ ಓಟ್ಮಾರ್ ರಾಜೀನಾಮೆ ಕೊಟ್ಟನಂತೆ. ನಾಳೆ ಬೆಳಗಿನ ರೈಲಿಗೆ ತಂಗಿಯ ಊರಿಗೆ. ಇನ್ನು ಬರುವುದಿಲ್ಲ.

ಫೆಬ್ರವರಿ ೨೮
ಸ್ಟೇಷನ್ನಿಗೆ ಹೋದೆ. ರೈಲಿನ ಕಿಟಕಿ ಇಳಿಸಿದ. ಬಡಕಲಾಗಿದ್ದಾನೆ.
"ನೀನು ಮಾಡಿದ್ದೇ ಸರಿ ಅಂತ ಹೇಳೋಕೆ ಬಂದ್ಯಾ?"
"ಇಲ್ಲ."
"ಮತ್ತೆ?"
ರೈಲು ಕೂಗಿ ಹೊರಟಿತು. ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿದೆ — ಈ ವಯಸ್ಸಿನಲ್ಲಿ! ಅವನು ಕಿವಿಗೆ ಕೈ ಹಚ್ಚಿ ಬಾಗಿದ. ಪ್ಲಾಟ್‌ಫಾರ್ಮ್ ಮುಗಿಯಿತು, ಮನೆಗೆ ಬಂದೆ.
'ಪ್ರಿಯ ಓಟ್ಮಾರ್' ಅಂತ ಕಾಗದ ಶುರುಮಾಡಿ ಒಂದು ಗಂಟೆಯಾಯಿತು. ಹೇಳಬೇಕಾದದ್ದು ಇಷ್ಟೇ — ಇನ್ನೊಮ್ಮೆ ಆ ಹೆಣ ಬಂದರೂ ಹಾಗೇ ಬರೆಯುತ್ತೇನೆ. ಆದರೆ ನೀನಿಲ್ಲದೆ ನನಗೆ ಈ ಊರಿನಲ್ಲಿ ಕೈ ಕುಲುಕುವವರು...