ಅಪಿರಾಂಥೋಸ್ ದಾರಿಯ ತಿರುವು

ನಾಕ್ಸೋಸ್ ದ್ವೀಪ,
೯ ಸೆಪ್ಟೆಂಬರ್ ೧೯೯೪

ನನ್ನ ಮುದ್ದಿನ ಕ್ಲಿಯೋ,

ಹೋಟೆಲಿನ ಫೋನು ಹಜಾರದಲ್ಲಿದೆ, ನಿಮ್ಮಪ್ಪ ಅದರ ಪಕ್ಕದಲ್ಲೇ ಪೇಪರು ಹಿಡಿದು ಕೂತಿರುತ್ತಾರೆ. ಅದಕ್ಕೇ ಈ ಕಾಗದ. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ನಿನ್ನೆ ಹೇಳಿದ್ದು ಅರ್ಧ ನಿಜ.

ಬಂದ ದಿನವೇ ನಾನು, ಬಾಡಿಗೆ ಕಾರು ಬೇಡ, ಬಸ್ಸಿನಲ್ಲೇ ಸುತ್ತೋಣ ಎಂದಿದ್ದೆ. "ಮೂವತ್ತೊಂದು ವರ್ಷ ಪಿರೇಯಸ್‌ನಲ್ಲಿ ಬಸ್ಸು ಓಡಿಸಿದೋನು ನಾನು. ಈಗ ಇನ್ಯಾವನದೋ ಬಸ್ಸಲ್ಲಿ ಬ್ಯಾಗು ತಬ್ಕೊಂಡು ಕೂತ್ಕೋಬೇಕಾ?" ಎಂದು ರೇಗಿದರು. ಮೊದಲೆರಡು ದಿನ ಸಮುದ್ರದ ಬದಿಯ ನೇರ ರಸ್ತೆ, ಏನೂ ಆಗಲಿಲ್ಲ. ಈಜಿದೆವು, ಮೀನು ತಿಂದೆವು. ಅವರು ನಗುತ್ತಿದ್ದರು, ನಾನೂ ಸುಮ್ಮನಾದೆ.

ಮಂಗಳವಾರ ಬೆಟ್ಟದ ಮೇಲಿನ ಅಪಿರಾಂಥೋಸ್ ಹಳ್ಳಿಗೆ ಹೊರಟೆವು. ಅರ್ಧ ದಾರಿಯಲ್ಲಿ, "ತಿರುವು ಬಂದಾಗೆಲ್ಲ ಹೇಳ್ತಿರು, ಬಿಸಿಲು ಕಣ್ಣಿಗೆ ಹೊಡೀತಿದೆ" ಎಂದರು. ಬಿಸಿಲು ನಮ್ಮ ಬೆನ್ನಿಗಿತ್ತು, ಕ್ಲಿಯೋ. ಎಡಕ್ಕೆ, ಬಲಕ್ಕೆ ಎನ್ನುತ್ತಾ ಹೋದೆ. ಒಂದು ತಿರುವಿನಾಚೆ ಮುದುಕಿಯೊಬ್ಬಳು ಕತ್ತೆ ಹಿಡಿದುಕೊಂಡು ರಸ್ತೆ ನಡುವೆಯೇ ಬರುತ್ತಿದ್ದಳು. ನನಗೆ ಅವಳ ತಲೆವಸ್ತ್ರದ ಹೂಗಳೂ ಕಂಡವು. ಇವರು ವೇಗ ತಗ್ಗಿಸಲೇ ಇಲ್ಲ. "ರೀ, ನಿಲ್ಸ್ರೀ!" ಎಂದು ಚೀರಿ ಕೈಬ್ರೇಕು ಎಳೆದೆ. ಕಾರು ಅಡ್ಡ ತಿರುಗಿ ಕಲ್ಲುಗೋಡೆಗೆ ಉಜ್ಜಿ ನಿಂತಿತು. ಗೋಡೆಯಾಚೆ ಕಣಿವೆ.

ಮುದುಕಿ ಬಗ್ಗಿ ಕಿಟಕಿಯೊಳಗೆ ನೋಡಿದಳು. "ಏನಪ್ಪಾ, ಕಣ್ಣನ್ನ ಹಡಗಲ್ಲೇ ಬಿಟ್ಟು ಇಳಿದ್ಯಾ? ನಾನು ಹೋದ್ರೆ ಹೋಗ್ಲಿ, ಕತ್ತೆಗಿನ್ನೂ ಆರು ವರ್ಷ!"

ನಿಮ್ಮಪ್ಪ ಇಳಿದು ಗೋಡೆಯ ಮೇಲೆ ಕೂತರು. ಆಮೇಲೆ ಮೆಲ್ಲಗೆ, "ಕತ್ತೇನೂ ಇತ್ತಾ?" ಎಂದು ನನ್ನನ್ನು ಕೇಳಿದರು.

ಅದನ್ನು ಕೇಳಿ ಮುದುಕಿಯ ಸಿಟ್ಟೂ ಇಳಿಯಿತು. ಚೀಲದಿಂದ ಎರಡು ಅಂಜೂರ ತೆಗೆದು ಅವರ ಅಂಗೈಗಿಟ್ಟಳು. ಅವನ್ನು ಹಿಡಿದುಕೊಂಡೇ ಅತ್ತರು. ತಮ್ಮ ತಾಯಿ ತೀರಿಕೊಂಡಾಗಲೂ ಅತ್ತವರಲ್ಲ.

ಕಾರು ವಾಪಸು ಕೊಟ್ಟಾಯಿತು. ಈಗ ಬಸ್ಸಿನಲ್ಲೇ ಓಡಾಟ. ಡ್ರೈವರನ ಹಿಂದಿನ ಸೀಟೇ ಬೇಕು ಅವರಿಗೆ. ಗೇರು ಬದಲಾಗುವ ಸದ್ದಿಗೆ ಅವರ ಎಡಗಾಲು ತಾನಾಗಿ ನೆಲ ಒತ್ತುತ್ತದೆ. ಆಗ ನಾನು ಕಿಟಕಿಯ ಕಡೆ ತಿರುಗುತ್ತೇನೆ.

ಮುಂದಿನ ಶನಿವಾರದ ಹಡಗಿಗೆ ಬರುತ್ತೇವೆ. ಅಷ್ಟರೊಳಗೆ ಮನೆಗೆ ಹೋಗಿ ನಮ್ಮ ಕಾರಿನ ಕೀ ತೆಗೆದು ನಿನ್ನ ಹತ್ತಿರ ಇಟ್ಟುಕೋ. ಅವರು ಕೂಗಾಡಲಿ, ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಮ್ಮ,
ಇವಾಂತಿಯಾ

ತಾ.ಕ.: ಇದು ಈ ವಾರ ಶುರುವಾದದ್ದಲ್ಲ. ಇನ್ನು ಗಾಡಿ ಮುಟ್ಟಬಾರದು ಎಂದು ಕಣ್ಣಿನ ಡಾಕ್ಟರು ನನ್ನೆದುರೇ ನಿಮ್ಮಪ್ಪನಿಗೆ ಹೇಳಿ ಹದಿನಾಲ್ಕು ತಿಂಗಳಾಯಿತು. ಅವರ ಮರ್ಯಾದೆ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ. ಹೋದ ಶಾಲಾ ವರ್ಷವೆಲ್ಲ ನಿನ್ನ ಮಗಳನ್ನು ಶಾಲೆಗೆ ಬಿಟ್ಟು ಕರೆತಂದದ್ದು ಅವರೇ. ದಿನಾ ಬೆಳಿಗ್ಗೆ ಅವಳಿಗೆ ಸೀಟುಬೆಲ್ಟು ಹಾಕಿ, ಕಾರಿನ ಬಾಗಿಲು ಮುಚ್ಚುತ್ತಿದ್ದದ್ದು ನಾನು.