‘ನಿಮ್ದೇ ಮನಿ’ ಎಂದ ತಪ್ಪಿಗೆ

ಬಾವಿಕುದುರು,
ಹದಿಮೂರನೇ ತಿಂಗಳ ಮೂವತ್ತನಾಲ್ಕನೇ ತಾರೀಖು, ಇಸವಿ ೨೪೧೮

ಹಿಂದಿನ ಕಾಲದ ಹಿರಿಯರಿಗೆ ಅಕ್ಕಣಿಯ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಮಳೆಗಾಲ ವರ್ಷಕ್ಕೆ ಎರಡು ಸಲ ಬರತೊಡಗಿದ ಮೇಲೆ ನಮ್ಮವರು ಹಳೆಯ ತಿಂಗಳುಗಳಿಂದ ದಿನ ಕಿತ್ತು ಇನ್ನೊಂದು ತಿಂಗಳು ಕಟ್ಟಿಕೊಂಡರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಈ ಕಾಗದವನ್ನು ಹಿಂದೋಲೆಗೆ ಹಾಕುತ್ತಿದ್ದೇನೆ. ಹಿಂದೋಲೆ ಅಂದರೆ ಕಳೆದ ಕಾಲಕ್ಕೆ ಮಾತ್ರ ಹೋಗುವ ಅಂಚೆ. ಅದು ಉತ್ತರ ತರುವುದಿಲ್ಲ. ಹೇಗೆ ಹೋಗುತ್ತದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ನನ್ನ ಒಬ್ಬಳೇ ಮಗಳು ಸುಗಂಧಿ ಇವತ್ತು ಬೆಳಿಗ್ಗೆ ಯುದ್ಧಕ್ಕೆ ಹೋದಳು. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಗುಡ್ಡ ಎನ್ನುತ್ತಿದ್ದವೆಲ್ಲ ಈಗ ಕುದುರುಗಳು, ಸುತ್ತಲೂ ಕಡಲು. ನಮ್ಮದು ಮೂರು ಕುದುರುಗಳ ಊರಾಗಿತ್ತು. ಮೂಡುಕುದುರಿನಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಿದ್ದೆವು. ಹುಲ್ಲುಕುದುರಿನಲ್ಲಿ ದನ ಕಟ್ಟುತ್ತಿದ್ದೆವು. ಬಾವಿಕುದುರಿನಲ್ಲಿ ಕೆಂಪುಕಲ್ಲು ಕಡಿದು ತೋಡಿದ ಬಾವಿಯಿದೆ. ಮೂರೂ ಕುದುರುಗಳಿಗೆ ಸಿಹಿನೀರು ಅಂತ ಇರುವುದು ಅದೊಂದೇ. ಹುಟ್ಟಿದ ಮಗುವಿನ ನಾಲಿಗೆಗೆ ಮೊದಲು ಮುಟ್ಟಿಸುವುದು ಆ ನೀರನ್ನು, ಸಾಯುವವರ ಬಾಯಿಗೆ ಬಿಡುವುದೂ ಅದನ್ನೇ. ಹಳೆಯ ಹಾಯಿಬಟ್ಟೆ ಹೊದಿಸಿದ ಮಾಡಿನ ಕೆಳಗೆ ಬದುಕುತ್ತೇವೆ, ಮೀನು ಒಣಗಿಸುತ್ತೇವೆ, ಸಣ್ಣ ವಿಷಯಕ್ಕೆ ದೊಡ್ಡ ಜಗಳ ಮಾಡುತ್ತೇವೆ. ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

ಹಡಗೂರಿನವರು ಬಂದದ್ದು ನೀರು ಕೇಳಿಕೊಂಡು. ಹಡಗೂರು ಅಂದರೆ ಸಾವಿರ ಹಡಗುಗಳನ್ನು ಸರಪಳಿಯಿಂದ ಬಿಗಿದು ಕಟ್ಟಿದ ತೇಲುವ ರಾಜ್ಯ. ಅವರಿಗೆ ಗುಂಡು ಹಾರಿಸುವ ತೋಪುಗಳಿವೆ, ಕಾಲೂರಲು ಹಿಡಿ ಮಣ್ಣಿಲ್ಲ. ಒಬ್ಬೊಬ್ಬರ ಕೊರಳಲ್ಲೂ ನುಡಿಮಣಿ ಇರುತ್ತದೆ. ಎದುರಿನವರು ಆಡಿದ್ದನ್ನೆಲ್ಲ ಅದು ಹಿಡಿದಿಟ್ಟುಕೊಂಡು ಅವರ ಭಾಷೆಗೆ ತಿರುಗಿಸುತ್ತದೆ. ಅವರ ಕಾನೂನಿನಲ್ಲಿ ಬಾಯಿಂದ ಬಂದದ್ದು ಬರೆದುಕೊಟ್ಟ ಹಾಗೆ. ಆಗ ಮೂಡುಕುದುರಿನಲ್ಲಿದ್ದ ನಮ್ಮ ಅತ್ತೆ ದಾರಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತು? ಅವರು ಚಾಪೆ ಹಾಸಿ, ಬೆಲ್ಲ ಇಟ್ಟು, "ನಿಮ್ದೇ ಮನಿ, ಕೂಕಣಿ" ಅಂದರು. ಹೊರಟಾಗ "ಹೋಯ್ ಬನ್ನಿ" ಅಂದರು. ಅವರು ಬಂದೇ ಬಂದರು, ಈ ಸಲ ತೋಪಿನ ಜೊತೆ. ಮನೆ ನಮ್ಮದೆಂದು ನೀವೇ ಒಪ್ಪಿದ್ದೀರಿ, ಮತ್ತೆ ಬರಲು ನೀವೇ ಹೇಳಿದ್ದೀರಿ, ಮೂಡುಕುದುರು ಬಿಡಿ ಎಂದರು. ಅತ್ತೆಯ ದನಿಯನ್ನು ಅತ್ತೆಗೇ ಕೇಳಿಸಿದರು. ಆ ಮುದುಕಿ ಅವತ್ತಿನಿಂದ ಸಾಯುವ ತನಕ ಯಾರೊಂದಿಗೂ ಮಾತಾಡಲಿಲ್ಲ.

ನಮ್ಮ ಹಿರಿಯರು ಸೇರಿ ಯೋಚಿಸಿದರು. ಒಂದು ಕುದುರಿಗಾಗಿ ಮಕ್ಕಳನ್ನು ಸಾಯಿಸುವುದೇ, ಪಾಪ, ಅವರಿಗೂ ಮಣ್ಣು ಬೇಡವೇ ಎಂದು ಬಿಟ್ಟುಕೊಟ್ಟರು. ಹಡಗೂರಿನವರು ಹಾಡಿ ಕುಣಿದು, ಇನ್ನು ಶಾಂತಿ ಎಂದು ಕೈ ಮುಗಿದರು. ಮುಂದಿನ ಮಳೆಗಾಲಕ್ಕೆ ಹುಲ್ಲುಕುದುರನ್ನು ಕೇಳಿದರು. ಆಗಲಾದರೂ ಇಲ್ಲ ಅನ್ನಬೇಕಿತ್ತು. ಆದರೆ ಬಾಗಿಲಿಗೆ ಬಂದವರಿಗೆ ನೇರವಾಗಿ ಇಲ್ಲ ಅಂದು ನಮಗೆ ರೂಢಿಯೇ ಇಲ್ಲ. ಹೆಣ್ಣು ಕೇಳಿಕೊಂಡು ಬಂದರೂ, ಸಾಲ ಕೇಳಿಕೊಂಡು ಬಂದರೂ "ನೋಡ್ವ" ಅನ್ನುತ್ತೇವೆ; ಕೇಳಿದವರು ಅರ್ಥಮಾಡಿಕೊಂಡು ಎದ್ದು ಹೋಗುತ್ತಾರೆ. ಹಿರಿಯರು "ನೋಡ್ವ" ಅಂದರು. ನುಡಿಮಣಿ ಅದನ್ನು ಒಪ್ಪಿಗೆ ಎಂದು ಬರೆದುಕೊಂಡಿತು. ದನಗಳನ್ನು ದೋಣಿಗೆ ಹತ್ತಿಸಿ ಇಲ್ಲಿಗೆ ತಂದೆವು, ದಾರಿಯಲ್ಲೇ ಅರ್ಧದಷ್ಟು ಸತ್ತವು. ಅಂದಿನಿಂದ ಸುಗಂಧಿಯಂಥ ನಮ್ಮ ಮಕ್ಕಳು ತೂಗಿ ಮಾತಾಡಲು ಕಲಿತರು. ಆಗುವುದನ್ನಷ್ಟೇ ಆಡುತ್ತಾರೆ, ಬಾಯಿಮಾತಿಗೆಂದು ಒಂದಕ್ಷರ ಆಡುವುದಿಲ್ಲ.

ಈಗ ಬಾವಿಕುದುರು ಕೇಳಿದ್ದಾರೆ. ನಮಗೆ ನೀರು ಕೊಡುತ್ತಾರಂತೆ, ಅಳೆದು.

ನಿನ್ನೆ ಊರೆಲ್ಲ ಬಾವಿಕಟ್ಟೆಯಲ್ಲಿ ಸೇರಿತು. ಶೀನ ಮರಕಾಲರು ಕೊಡುವ ಪಕ್ಷ. ಅವರನ್ನು ಹೇಡಿ ಅನ್ನಬೇಡಿ, ಹಡಗೂರಿನವರು ಬರುವ ಮೊದಲೇ ಬೇರೊಂದು ಕಡಲ ಹೊಡೆದಾಟದಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡವರು. "ಜೀವ ಇದ್ರೆ ನೀರ್ ಎಲ್ಲಾದ್ರೂ ಹುಡ್ಕ್ಲಕ್ಕ್" ಎಂದರು. ಸುಗಂಧಿ ಎದ್ದು, "ಮೂಡುಕುದ್ರು ಕೊಟ್ರಿ, ಹುಲ್ಲುಕುದ್ರು ಕೊಟ್ರಿ. ಇನ್ ನಾವ್ ನಿಂತ್ಕಂಬುದ್ ಎಲ್ಲಿ?" ಎಂದಳು. ಇಬ್ಬರೂ ಹೇಳಿದ್ದು ಸರಿ, ಅದೇ ನಮ್ಮ ಗ್ರಹಚಾರ. ಆಮೇಲೆ ಕರಟ ಇಟ್ಟರು. ಮನೆಗೊಂದು ತೆಂಗಿನ ಕರಟ. ಅಂಗಾತ ಇಟ್ಟರೆ ಕೊಡುವುದು, ಕವುಚಿಟ್ಟರೆ ಕಾದುವುದು. ಎರಡೂ ಸಮ ಬಂದವು. ಉಳಿದದ್ದು ನನ್ನದೊಂದು.

ಯುದ್ಧವಾದರೆ ಮೊದಲ ದೋಣಿಯ ಚುಕ್ಕಾಣಿ ಸುಗಂಧಿಯದು, ಎಲ್ಲರಿಗೂ ಗೊತ್ತಿತ್ತು. ಕೊಟ್ಟುಬಿಡೋಣ, ಅಳೆದ ನೀರು ಕುಡಿದು ಅವರ ಕಾಲ ಬುಡದಲ್ಲಾದರೂ ನನ್ನ ಮಗಳು ಬದುಕಲಿ ಎಂದುಕೊಂಡೆ. ಅಂಗಾತ ಇಡಲು ಬಗ್ಗಿದೆ. ಅವಳು ನನ್ನ ಕೈ ನೋಡುತ್ತಿದ್ದಳು, ಮುಖವನ್ನಲ್ಲ. ಅಳೆದ ನೀರು ಇನ್ನೆಷ್ಟು ದಿನ? ನಾಳೆ ಅಳತೆಯೂ ನಿಂತರೆ ಮುಂದೆ ಅವಳಿಗೆ ಹುಟ್ಟುವ ಮಗುವಿನ ನಾಲಿಗೆಗೆ ಏನು ಮುಟ್ಟಿಸಲಿ? ಕವುಚಿಟ್ಟೆ. ಇಟ್ಟ ಮರುಕ್ಷಣವೇ ಅದನ್ನು ಎತ್ತಿಕೊಳ್ಳಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತಿದೆ.

ಸೋತದ್ದಕ್ಕೆ ಮರಕಾಲರು ಮುನಿಸಿಕೊಳ್ಳಲಿಲ್ಲ. ಹಡಗೂರಿನ ದೂತನೆದುರು ತಾವೇ ಹೋಗಿ ನಿಂತು, "ಕೊಡುದಿಲ್ಲ" ಅಂದರು. ಜನ್ಮದಲ್ಲಿ ಮೊದಲ ಸಲ ಆಡಿದ ಮಾತು. ಆಡಿದ ಮೇಲೆ ತಡೆಯಲಾಗದೆ "ಬೇಜಾರ್ ಮಾಡ್ಕಣ್ಬೇಡಿ" ಎಂದೂ ಸೇರಿಸಿದರು.

ಹಿರಿಯರೇ, ಯುದ್ಧ ಮಾಡಿ ಎಂದು ನಾನು ಹೇಳುತ್ತಿಲ್ಲ. ಮಗಳನ್ನು ಕಳಿಸಿದವಳು ಹಾಗೆ ಹೇಳಲಾರಳು. ನನ್ನದೊಂದೇ ಬೇಡಿಕೆ. ಅಂಗಳಕ್ಕೆ ಕಾಲಿಟ್ಟವನು ನಿಮ್ಮ ಮನೆಯನ್ನು ತನ್ನದೆಂದ ಮೊದಲ ದಿನವೇ ಇಲ್ಲ ಅನ್ನಿ. ಅವತ್ತಾದರೆ ಸ್ವಲ್ಪ ಮುನಿಸಿನಲ್ಲೇ ಮುಗಿಯುತ್ತದೆ. ನಿಮ್ಮ ಮಕ್ಕಳಿಗೂ ಆ ಮಾತು ಕಲಿಸಿ, ಅವರು ತಮ್ಮ ಮಕ್ಕಳಿಗೆ ಕಲಿಸಲಿ. ಹಾಗೆ ಕೈ ದಾಟುತ್ತಾ ಅದು ದಾರಮ್ಮನವರೆಗೆ ಬಂದರೆ ನಾನು ಈ ಕಾಗದ ಬರೆಯಬೇಕಾಗಿಯೇ ಬರುವುದಿಲ್ಲ.

ಮನೆ ಬಿಡುವಾಗ "ಹೋತೆ" ಅನ್ನಬಾರದು, ತಿರುಗಿ ಬರುತ್ತೇನೆ ಎಂಬರ್ಥದಲ್ಲಿ "ಬತ್ತೆ" ಅನ್ನಬೇಕು ಎಂದು ಸುಗಂಧಿಗೆ ತೊದಲು ಬರುವಾಗಲೇ ಕಲಿಸಿದ್ದೆ. ಬೆಳಿಗ್ಗೆ ಅವಳು ಬಾವಿಯ ನೀರು ಒಂದು ಗುಟುಕು ಕುಡಿದು, ನನ್ನ ಕಾಲು ಮುಟ್ಟಿ, ದೋಣಿ ಹತ್ತಿ ತಿರುಗಿ ನೋಡಿದಳು.

"ಅಮ್ಮಾ, ಹೋತೆ" ಅಂದಳು.

"ಬತ್ತೆ ಅನ್ನ್ ಮಗಾ" ಎಂದು ನೀರಿಗಿಳಿದು ಕಿರುಚಿದೆ. ಅವಳಿಗೆ ಕೇಳಿಸಿತು. ಕೈ ಎತ್ತಿದಳು, ಬಾಯಿ ತೆರೆಯಲಿಲ್ಲ.

— ಅಕ್ಕಣಿ