ಬಲಮೂಲೆಯ ಹೊಳೆಯುವ ಚುಕ್ಕೆ

ಯಲಹಂಕ, ಸೋಮವಾರ ಬೆಳಿಗ್ಗೆ

ನಮ್ಮ ಲ್ಯಾಬಿನ ಮುಖ್ಯಸ್ಥರಾದ ಭಾರ್ಗವಿ ಮೇಡಂ ಅವರಿಗೆ ನಮಸ್ಕಾರ.

ಹನ್ನೊಂದು ವರ್ಷ ನನ್ನ ಹತ್ತಿರವಿದ್ದ ಮೈಕ್ರೋಸ್ಕೋಪ್ ಕೋಣೆಯ ಬೀಗದ ಕೈಯನ್ನು ಹೊಸದಾಗಿ ಬಂದ ನಯನಾಗೆ ಕೊಟ್ಟಿರಿ. ಅವಳು ತೆಗೆದ ಜೀವಕೋಶದ ಚಿತ್ರ ನೋಡಿ, "ಇಂಥ ಕಣ್ಣು ನಮ್ಮ ಲ್ಯಾಬಲ್ಲಿ ಯಾರಿಗೂ ಇಲ್ಲ ಕಣ್ರೀ" ಅಂದಿರಿ. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ದಯವಿಟ್ಟು ಇವತ್ತು ಅವಳ ಚಿತ್ರಗಳ ಮೇಲೆ ಬರೆದ ಆ ಲೇಖನವನ್ನು ವಿಜ್ಞಾನ ಪತ್ರಿಕೆಗೆ ಕಳಿಸಬೇಡಿ. ನೀವೆಲ್ಲ ಹೊಸ ಪ್ರೋಟೀನ್ ಎಂದುಕೊಂಡ ಚುಕ್ಕೆ ಅವಳ ಪ್ರತಿ ಚಿತ್ರದಲ್ಲೂ ಬಲಮೂಲೆಯಲ್ಲೇ ಇದೆ. ಕೋಶ ಬದಲಾದರೂ ಅದು ಕದಲುವುದಿಲ್ಲ. ಅದು ಲೆನ್ಸಿನ ಮೇಲಿನ ಧೂಳು.

ಅಷ್ಟು ಒಳ್ಳೆಯ ಕಣ್ಣಿಗೆ ಅದು ಗೊತ್ತಾಗಲಿಲ್ಲ. ನನಗೆ ಮೊದಲ ದಿನವೇ ಗೊತ್ತಾಗಿತ್ತು. ಲೆನ್ಸ್ ಒರೆಸುವ ಕೆಲಸವೊಂದನ್ನು ಮಾತ್ರ ನೀವು ನನಗೆ ಉಳಿಸಿದ್ದಿರಿ. ನಾನು ಒರೆಸಲಿಲ್ಲ.

ಇಂತಿ,
ಈ ಹೊತ್ತಿನವರೆಗೆ ನಿಮ್ಮ ಲ್ಯಾಬಿನವಳೇ ಆದ
ಕಲಾವತಿ